ಸಾವಿನ ನಂತರದ ಪ್ರೇಮಕಥೆಯ ಚಿತ್ರವನ್ನು ಅತ್ತೆಯವರು ಮತ್ತು ಮಕ್ಕಳೊಂದಿಗೆ ಕುಳಿತು ನೋಡಬಹುದೇ?

ಸೇವಂತಿಗೆ (ದಾವಣಗೆರೆ) ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಮನೆಯಲ್ಲಿ ಅತ್ತೆಯವರು, ನನ್ನ ಯಜಮಾನರು, ನಾನು, ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಮತ್ತು ನಾಲ್ಕನೆಯ ತರಗತಿಯ ಮಗ. ಮಾವನವರು ಲಿಂಗೈಕ್ಯರಾಗಿ ಏಳು ತಿಂಗಳಾಯಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೈದುನ ದಸರೆ ರಜೆಗೆ ಬರುವವನಿದ್ದಾನೆ. ಈ ಸಲ ಎಲ್ಲರೂ ಒಟ್ಟಿಗೆ ಕುಳಿತು 'ವಾಟ್ ಡ್ರೀಮ್ಸ್ ಮೇ ಕಮ್' ಎಂಬ 1998ರ ಇಂಗ್ಲಿಷ್ ಚಿತ್ರವನ್ನು ನೋಡಲೇಬೇಕೆಂದು ಹಟ ಹಿಡಿದಿದ್ದಾನೆ. ಹಾಸ್ಟೆಲಿನಲ್ಲಿದ್ದಾಗ ಅದನ್ನು ನೋಡಿ ತುಂಬಾ ಅತ್ತಿದ್ದನಂತೆ. ಗಂಡ ಸತ್ತು ಸ್ವರ್ಗ ಸೇರುತ್ತಾನೆ, ಅಲ್ಲಿ ಹೋದ ಮೇಲೂ ಹೆಂಡತಿಯನ್ನು ಮರೆಯದೆ ಹುಡುಕಿಕೊಂಡು ಹೊರಡುತ್ತಾನೆ, ಕೊನೆಗೆ ಇಬ್ಬರೂ ಒಂದಾಗುತ್ತಾರೆ, ಇದನ್ನು ನೋಡಿದರೆ ಅವ್ವನ ಮನಸ್ಸಿಗೆ ಎಷ್ಟೋ ಸಮಾಧಾನವಾದೀತು ಎಂಬುದು ಅವನ ಮಾತು. ಅವನು ಪ್ರೀತಿಯಿಂದಲೇ ಹೇಳುತ್ತಿದ್ದಾನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ನಮ್ಮ ಮನೆಯಲ್ಲಿ ದುಃಖ ಇನ್ನೂ ಹಸಿಯಾಗಿಯೇ ಇದೆ. ಮಾವನವರ ಎಲೆಅಡಿಕೆ ಚಂಚಿ ಗೋಡೆಯ ಗೂಡಿನಲ್ಲಿ ಇದ್ದ ಹಾಗೆಯೇ ಇದೆ. ಅತ್ತೆಯವರಿಗೆ ಎಲೆ ಅಡಿಕೆ ಹಾಕುವ ಅಭ್ಯಾಸವಿಲ್ಲ. ಆದರೂ ಎರಡು ಮೂರು ದಿನಕ್ಕೊಮ್ಮೆ ಚಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು, ಸುಣ್ಣ ಒಣಗಿ ಗಟ್ಟಿಯಾಗದಂತೆ ಬೆರಳ ತುದಿಯಿಂದ ಎರಡು ಹನಿ ನೀರು ಬಿಟ್ಟು, ಮತ್ತೆ ಮುಚ್ಚಿ, ದಾರ ಸುತ್ತಿ ಇಡುತ್ತಾರೆ. ಮನೆಯಲ್ಲಿ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಹೀಗಿರುವವರ ಮುಂದೆ ಸತ್ತ ಗಂಡ ಹೆಂಡತಿಗಾಗಿ ಪರದಾಡುವ ಕಥೆಯನ್ನು ಇಡುವುದು ಸರಿಯೇ ಎಂಬುದೇ ನನ್ನ ಮೊದಲ ಚಿಂತೆ.

ಮಗನಿಗೆ ಕತ್ತಲೆಂದರೆ ಭಯ. ರಾತ್ರಿ ಹಿತ್ತಲ ಬಾಗಿಲವರೆಗೂ ಒಬ್ಬನೇ ಹೋಗುವುದಿಲ್ಲ. ಮಗಳ ಜೊತೆ ಕುಳಿತು ನೋಡುವಾಗ ಮುಜುಗರ ತರುವ ದೃಶ್ಯಗಳಿವೆಯೇ ಎಂಬುದೂ ಗೊತ್ತಾಗಬೇಕು. ಅತ್ತೆಯವರಿಗೆ ಇಂಗ್ಲಿಷ್ ಬಾರದು. ಮಾತುಗಳನ್ನು ಮಗಳೇ ಕನ್ನಡಕ್ಕೆ ಮಾಡಿ ಹೇಳಲಿ ಎಂದು ಮೈದುನ ಹೇಳುತ್ತಾನೆ. ಚಿತ್ರವನ್ನು ಪೂರ್ತಿ ನೋಡಿದವರು ದಯವಿಟ್ಟು ತಿಳಿಸಿ.

ಕೆರೆ ದಂಡೆ (ದಾವಣಗೆರೆ) ಅವರ ಉತ್ತರ

ಈ ಚಿತ್ರವನ್ನು ನಾನು ಎರಡು ಸಲ ನೋಡಿದ್ದೇನೆ. ಎರಡನೆಯ ಸಲ ನನ್ನ ಹೆಂಡತಿಯೂ ಜೊತೆಗಿದ್ದರು. ಕಥೆಯನ್ನು ಬಿಡಿಸಿ ಹೇಳದೆ ನಿಮ್ಮ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಲು ಆಗುವುದಿಲ್ಲವಾದ್ದರಿಂದ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಮೈದುನ ಕೊಟ್ಟ ಸಾರಾಂಶದಲ್ಲಿ ಅತಿ ಮುಖ್ಯವಾದ ಸಂಗತಿಯೇ ಬಿಟ್ಟುಹೋಗಿದೆ.

ರಿಚರ್ಡ್ ಮ್ಯಾಥೆಸನ್ 1978ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ ವಿನ್ಸೆಂಟ್ ವಾರ್ಡ್ ಇದನ್ನು ನಿರ್ದೇಶಿಸಿದ್ದಾರೆ. ರಾಬಿನ್ ವಿಲಿಯಮ್ಸ್ ಮಕ್ಕಳ ವೈದ್ಯನಾಗಿಯೂ ಅನಬೆಲಾ ಶಿಯೋರಾ ಅವನ ಹೆಂಡತಿಯಾಗಿಯೂ ನಟಿಸಿದ್ದಾರೆ. ಹೆಂಡತಿ ಚಿತ್ರ ಬರೆಯುವವಳು. ಕಥೆ ಶುರುವಾಗಿ ಸ್ವಲ್ಪ ಹೊತ್ತಿಗೇ ಅವರ ಮಗ ಮತ್ತು ಮಗಳು ಕಾರು ಅಪಘಾತದಲ್ಲಿ ಸಾಯುತ್ತಾರೆ. ಕೆಲವು ವರ್ಷಗಳ ನಂತರ ಸುರಂಗ ರಸ್ತೆಯಲ್ಲಿ ಅಪಘಾತಕ್ಕೊಳಗಾದವರಿಗೆ ನೆರವಾಗಲು ಇಳಿದ ಗಂಡನೂ ಸಾಯುತ್ತಾನೆ. ಇಷ್ಟೆಲ್ಲವನ್ನೂ ಕಂಡ ಹೆಂಡತಿ ಒಂಟಿತನ ತಾಳಲಾರದೆ ತಾನೇ ಪ್ರಾಣ ಕಳೆದುಕೊಳ್ಳುತ್ತಾಳೆ. ಹಾಗೆ ಸತ್ತವರು ಗಂಡನಿರುವ ಸ್ವರ್ಗಕ್ಕೆ ಬರುವುದಿಲ್ಲ, ನರಕದಲ್ಲಿರುತ್ತಾರೆ ಎಂದು ಚಿತ್ರ ಹೇಳುತ್ತದೆ. ಗಂಡ ಅವಳನ್ನು ಹುಡುಕಿ ಹೊರಡುವುದು ಅಲ್ಲಿಗೆ. ಮುಕ್ಕಾಲು ಚಿತ್ರ ನಿಂತಿರುವುದು ಈ ಸಂಗತಿಯ ಮೇಲೆಯೇ.

ಸ್ವರ್ಗದ ಭಾಗವಂತೂ ಕಣ್ಣಿಗೆ ಹಬ್ಬ. ಸತ್ತವನ ಸ್ವರ್ಗ ಅವನ ಹೆಂಡತಿ ಬರೆದ ಚಿತ್ರಗಳಿಂದಲೇ ಆಗಿದೆ. ಹುಲ್ಲಿನ ಮೇಲೆ ಕಾಲಿಟ್ಟರೆ ಹಸಿ ಬಣ್ಣ ಪಚ್ಚನೆ ಜಾರುತ್ತದೆ, ಹೂವನ್ನು ಹಿಡಿದರೆ ಅಂಗೈಯಲ್ಲಿ ಬಣ್ಣ ಹಿಸುಕಿದಂತಾಗುತ್ತದೆ. ಅವಳು ಭೂಮಿಯ ಮೇಲೆ ಕುಳಿತು ಚಿತ್ರಕ್ಕೆ ನೇರಳೆ ಬಣ್ಣದ ಮರವೊಂದನ್ನು ಸೇರಿಸಿದಾಗ ಅದೇ ಮರ ಅವನ ಮುಂದೆ ಎದ್ದು ನಿಲ್ಲುತ್ತದೆ. ಆ ದೃಶ್ಯ ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಚಿತ್ರಕ್ಕೆ ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ನರಕದ ಭಾಗ ಬೇರೆಯೇ. ನೆಲದೊಳಗೆ ಹೂತುಹೋಗಿ ಮುಖ ಮಾತ್ರ ಮೇಲೆ ಕಾಣುವ ಸಾವಿರಾರು ಜನರ ಬಯಲೊಂದಿದೆ. ಆ ಮುಖಗಳು ಕಣ್ಣು ಬಿಟ್ಟು ಮಾತಾಡುತ್ತವೆ, ದೂರುತ್ತವೆ, ಕೂಗುತ್ತವೆ. ಅವುಗಳ ಮೇಲೆಯೇ ಕಾಲಿಟ್ಟು ಅವನು ದಾಟಬೇಕು. ಕತ್ತಲಿಗೆ ಹೆದರುವ ಹುಡುಗ ಇದನ್ನು ನೋಡುವುದು ಬೇಡವೇ ಬೇಡ. ಅಮೆರಿಕದಲ್ಲಿ ಇದಕ್ಕೆ ಕೊಟ್ಟಿರುವುದು ಪಿಜಿ-13 ಶ್ರೇಣಿ, ಅಂದರೆ ಹದಿಮೂರು ವರ್ಷದೊಳಗಿನ ಮಕ್ಕಳಿಗೆ ಕೆಲವು ಭಾಗಗಳು ಸಲ್ಲದಿರಬಹುದು ಎಂದು ಪೋಷಕರಿಗೆ ಕೊಡುವ ಎಚ್ಚರಿಕೆ. ಸಾವಿನ ವಸ್ತು, ಮನಸ್ಸು ಕಲಕುವ ದೃಶ್ಯಗಳು ಮತ್ತು ಬಳಸಿದ ಭಾಷೆ ಅದಕ್ಕೆ ಕೊಟ್ಟ ಕಾರಣಗಳು. ಪ್ರಣಯ ಆ ಕಾರಣಗಳಲ್ಲಿ ಇಲ್ಲ. ಅಪ್ಪುಗೆ, ಮುತ್ತುಗಳಿವೆ, ರಿಮೋಟ್ ಹುಡುಕುವ ಪ್ರಸಂಗ ಬರಲಾರದು. ನಮ್ಮಲ್ಲಿಯೂ 2023ರ ಸಿನಿಮಾಟೋಗ್ರಾಫ್ ಕಾಯ್ದೆ ತಿದ್ದುಪಡಿಯ ನಂತರ ಯು/ಎ ಪ್ರಮಾಣಪತ್ರವನ್ನು 7, 13 ಮತ್ತು 16 ವರ್ಷಗಳೆಂದು ವಿಂಗಡಿಸಿದ್ದಾರೆ. ಆದರೆ ಮನೆಯ ನಡುಮನೆಯಲ್ಲಿ ಅದನ್ನು ಪಾಲಿಸಬೇಕಾದವರು ನಾವೇ ತಾನೆ.

ನನ್ನ ಮಟ್ಟಿಗೆ ಮಗನಿಗೆ ಬೇಡ, ಮಗಳಿಗೆ ಇನ್ನೆರಡು ವರ್ಷ ಬಿಟ್ಟು ತೋರಿಸಬಹುದು. ಅತ್ತೆಯವರ ವಿಷಯದಲ್ಲಿ ನನಗೂ ತೀರ್ಮಾನಕ್ಕೆ ಬರಲಾಗುತ್ತಿಲ್ಲ.

ಜೋಗಿಮಟ್ಟಿ (ಚಿತ್ರದುರ್ಗ) ಅವರ ಉತ್ತರ

ಅಮ್ಮಾ, ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಸತ್ತ ಮೇಲೆ ಗಂಡ ಹೆಂಡತಿ ಕೂಡುವ ಕಥೆ ನಮ್ಮ ಸೀಮೆಯವರಿಗೆ ಹೊಸದಲ್ಲ. ನಮ್ಮ ಊರುಗಳ ಹನುಮಪ್ಪನ ಗುಡಿಯ ಬಳಿ, ಕೆರೆ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಅವನು ಕೈಲಾಸದಲ್ಲಿ ಶಿವಲಿಂಗದ ಮುಂದೆ ಕುಳಿತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಮೊಮ್ಮಗಳು ಆರು ವರ್ಷದವಳಿದ್ದಾಗ ಇದನ್ನು ಕೈಯಿಂದ ಮುಟ್ಟಿಸಿ ತೋರಿಸಿದ್ದೇನೆ. ಸತ್ತವರು ಮೇಲೆ ಹೋದರು ಎಂಬುದಕ್ಕೆ ಅವಳು ಹೆದರಲಿಲ್ಲ. ಆದುದರಿಂದ ಪರಲೋಕದ ಕಥೆ ಮಕ್ಕಳಿಗೆ ಸಲ್ಲದು ಎಂದು ಸಾರಾಸಗಟಾಗಿ ಹೇಳುವುದನ್ನು ನಾನು ಒಪ್ಪುವುದಿಲ್ಲ.

ಆದರೆ ಅದೇ ಕಲ್ಲುಗಳ ಪಕ್ಕದಲ್ಲಿ ಮಾಸ್ತಿಕಲ್ಲೂ ಇರುತ್ತದೆ. ಮೊಣಕೈ ಮಡಿಚಿ ಮೇಲೆತ್ತಿದ ತೋಳು, ಅದರ ತುಂಬ ಬಳೆ, ಬಿಚ್ಚಿದ ಅಂಗೈ. ಗಂಡನ ಚಿತೆಯೇರಿದ ಹೆಣ್ಣಿನ ಗುರುತು ಅದು. ಆ ಬಳೆಗಳು ಅವಳು ಸತ್ತ ಮೇಲೂ ಮುತ್ತೈದೆಯೇ ಎಂದು ಹೇಳುತ್ತವೆ. ಮೊಮ್ಮಗಳು ಆ ಕೈ ಯಾರದೆಂದು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸಾವಿನಾಚೆ ಸೇರುವ ಪ್ರೇಮವೆಂಬ ಸುಂದರ ಕಲ್ಪನೆ ಬದುಕಿರುವ ಹೆಣ್ಣಿನ ಕಡೆಗೆ ತಿರುಗಿದಾಗ ಏನು ಮಾಡಬಲ್ಲದು ಎಂಬುದಕ್ಕೆ ಆ ಕಲ್ಲೇ ಸಾಕ್ಷಿ. 1829ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆ ಸತಿ ಪದ್ಧತಿಯನ್ನು ಕಾನೂನಿನಿಂದ ನಿಲ್ಲಿಸಬೇಕಾಯಿತು.

ನಮ್ಮ ಪುರಾಣಗಳಲ್ಲಿ ಇದಕ್ಕಿಂತ ಆರೋಗ್ಯಕರವಾದ ದಾರಿಯೂ ಇದೆ. ಸಾವಿತ್ರಿ ಯಮನ ಬೆನ್ನು ಹತ್ತಿದ್ದು ತಾನೂ ಸಾಯುವುದಕ್ಕಲ್ಲ, ಗಂಡನನ್ನು ಮನೆಗೆ ಕರೆತರುವುದಕ್ಕೆ. ಮಹಾಭಾರತದ ಆದಿಪರ್ವದಲ್ಲಿ ಹಾವು ಕಚ್ಚಿ ಸತ್ತ ಪ್ರಮದ್ವರೆಗೆ ರುರು ತನ್ನ ಆಯುಷ್ಯದಲ್ಲಿ ಅರ್ಧ ಕೊಟ್ಟು ಅವಳನ್ನು ಬದುಕಿಸಿಕೊಳ್ಳುತ್ತಾನೆ. ಎರಡರಲ್ಲಿಯೂ ಪ್ರೇಮ ಬದುಕಿನ ಕಡೆಗೆ ಎಳೆಯುತ್ತದೆ. ಈ ಚಿತ್ರದಲ್ಲಿ ಅದು ಸಾವಿನ ಕಡೆಗೆ ಎಳೆಯುತ್ತದೆಯೇ ಎಂಬುದನ್ನು, ಈಗಷ್ಟೇ ಗಂಡನನ್ನು ಕಳೆದುಕೊಂಡವರಿಗೆ ತೋರಿಸುವ ಮುನ್ನ, ನೀವು ಒಬ್ಬರೇ ನೋಡಿ ತೀರ್ಮಾನಿಸಿ. ಇನ್ನು ನಿಮ್ಮ ಮನೆತನದ ನಂಬಿಕೆಯಲ್ಲಿ ಸ್ವರ್ಗ ನರಕಗಳು ಆಚಾರ ಅನಾಚಾರಗಳಲ್ಲಿಯೇ ಇವೆ ಎಂದು ಬಸವಣ್ಣನವರು ಹೇಳಿದ್ದು ಅತ್ತೆಯವರಿಗೆ ಗೊತ್ತಿಲ್ಲದೆ ಇರಲಾರದು. ಅವರನ್ನು ನಾವು ಅಂದುಕೊಂಡಷ್ಟು ಸುಲಭವಾಗಿ ಈ ಕಥೆ ಕದಲಿಸಲಿಕ್ಕಿಲ್ಲ.

ಮುಂಗಾರು (ಜಗಳೂರು ತಾಲ್ಲೂಕು) ಅವರ ಉತ್ತರ

ಅಕ್ಕಾ, ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮ ಅಣ್ಣ ತೀರಿಕೊಂಡು ಆರು ವರ್ಷವಾಯಿತು. ಎರಡು ಕೊಳವೆಬಾವಿ ಕೊರೆಸಿದರೂ ನೀರು ಬೀಳದೆ, ಮೆಕ್ಕೆಜೋಳವೂ ಕೈಕೊಟ್ಟು, ಸಾಲದ ಭಾರ ಹೊರಲಾರದೆ ಅವನು ತಾನೇ ಜೀವ ಕಳೆದುಕೊಂಡ.

ಅದಾದ ಮರುವರ್ಷ ಸಂಬಂಧಿಕರೊಬ್ಬರ ಮನೆಯಲ್ಲಿ ನಾಮಕರಣವಿತ್ತು. ಊಟ ಮುಗಿದ ಮೇಲೆ ಆ ಮನೆಯ ಹುಡುಗರು ಟಿವಿಯಲ್ಲಿ ಇದೇ ಚಿತ್ರ ಹಾಕಿದರು. ನಮ್ಮ ಅವ್ವ ಒಂದು ಮೂಲೆಯಲ್ಲಿ ಕುಳಿತು ಉಳಿದ ವೀಳ್ಯದೆಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಬಣ್ಣಬಣ್ಣದ ಬೆಟ್ಟಗಳನ್ನು ಕಂಡು ಇದೇನು ದೇವಲೋಕವೇ ಎಂದು ಕೇಳಿದಳು. ಹುಡುಗನೊಬ್ಬ ಉತ್ಸಾಹದಿಂದ ಕಥೆ ಹೇಳತೊಡಗಿದ. ಆ ಹೆಂಡತಿಯ ಭಾಗ ಬಂದಾಗ ಅವನು ಹೇಳಿದ್ದು ಇಷ್ಟೇ: "ಅವಳು ತಾನಾಗೇ ಸತ್ತಳಲ್ಲಜ್ಜಿ, ಅದಕ್ಕೇ ನರಕಕ್ಕೆ ಹಾಕಿದಾರೆ." ಅವ್ವನ ಕೈ ನಿಂತಿತು. ಒಂದು ಎಲೆ ಹಾಗೆಯೇ ಬೆರಳುಗಳ ನಡುವೆ ಇತ್ತು. ಅಲ್ಲಿ ಏನೂ ಮಾತಾಡಲಿಲ್ಲ. ರಾತ್ರಿ ಮಲಗಿದ ಮೇಲೆ ಕತ್ತಲಲ್ಲಿ, "ನಿಮ್ಮಣ್ಣನೂ ಅಲ್ಲೇ ಇದಾನೇನೇ?" ಎಂದು ಕೇಳಿದಳು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. ಆದರೆ ನಾನು ಆಮೇಲೆ ಒಬ್ಬಳೇ ಕುಳಿತು ಚಿತ್ರವನ್ನು ಪೂರ್ತಿ ನೋಡಿದಾಗ, ಅವನು ಹೇಳಿದ್ದು ಚಿತ್ರದಲ್ಲಿರುವುದಲ್ಲ ಎಂದು ತಿಳಿಯಿತು. ಅಲ್ಲಿ ತೀರ್ಪು ಕೊಡುವವರಿಲ್ಲ, ಶಿಕ್ಷೆ ವಿಧಿಸುವವರಿಲ್ಲ. ಆಕೆ ಕೆಟ್ಟವಳೆಂದು ಅಲ್ಲಿಗೆ ಹೋದದ್ದಲ್ಲವೆಂದು ಗಂಡನ ಜೊತೆಗಿರುವವನು ಬಿಡಿಸಿ ಹೇಳುತ್ತಾನೆ. ಅವಳು ತಾನು ಸತ್ತಿದ್ದೇನೆಂಬುದನ್ನೂ ಅರಿಯದೆ, ತನ್ನದೇ ಮನೆ ಪಾಳುಬಿದ್ದಂತಿರುವ ಕತ್ತಲೆಯಲ್ಲಿ, ತನ್ನ ದುಃಖದೊಳಗೇ ಸಿಕ್ಕಿಕೊಂಡು ಕುಳಿತಿದ್ದಾಳೆ. ನಮ್ಮಲ್ಲಿ ನರಕ ಎಂದ ಕೂಡಲೇ ಯಮಭಟರು, ಕಾದ ಎಣ್ಣೆಯ ಕೊಪ್ಪರಿಗೆ ಕಣ್ಣಮುಂದೆ ಬರುತ್ತವೆ. ಒಂದು ಪದದಿಂದ ಅರ್ಥವೇ ತಿರುಗಿಹೋಯಿತು. ಇದನ್ನು ಅವ್ವನಿಗೆ ಹೇಳಿದೆ. "ಹಂಗಾದರೆ ಅಲ್ಲಿ ಯಾರೂ ಹೊಡೆಯಲ್ಲ ಅಲ್ಲೇ?" ಎಂದಳು. ಇಲ್ಲವ್ವ ಎಂದೆ. ಅದಾದ ಮೇಲೆ ಮತ್ತೆ ಕೇಳಲಿಲ್ಲ.

ಆದ್ದರಿಂದ ನಿಮ್ಮ ಮನೆಯವರಲ್ಲದೆ ಅಂದು ಜೊತೆಗೆ ಕೂರುವ ನೆಂಟರು, ನೆರೆಯವರು ಯಾರಿಗಾದರೂ ಇಂಥ ಸಾವಿನ ನೋವಿದೆಯೇ ಎಂದು ಮೊದಲು ವಿಚಾರಿಸಿ. ಕನ್ನಡಕ್ಕೆ ಹೇಳುವ ಕೆಲಸವನ್ನು ಹದಿನಾಲ್ಕು ವರ್ಷದ ಹುಡುಗಿಯ ಮೇಲೆ ಹೊರಿಸಬೇಡಿ. ಅದನ್ನು ಹೇಳುವವರಿಗೆ ಎರಡು ಭಾಷೆ ಬಂದರೆ ಸಾಲದು, ಕೇಳುವವರ ಮನೆಯ ಕಥೆಯೂ ಗೊತ್ತಿರಬೇಕು.

ಬಿಳಿ ಸೀರೆ (ಚಿತ್ರದುರ್ಗ) ಅವರ ಉತ್ತರ

ನಾನು ಶುಶ್ರೂಷಕಿ, ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಮೇಲಿನ ಪತ್ರವನ್ನು ಬರೆದ ತಂಗಿಗೆ ಮೊದಲು ಕೈಮುಗಿಯುತ್ತೇನೆ. ನಮ್ಮ ದೇಶದ ಕಾನೂನೂ ಈಗ ಅದೇ ದೃಷ್ಟಿಯಿಂದ ನೋಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಸೆಕ್ಷನ್ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು.

ಮಕ್ಕಳ ವಿಷಯ ಹೇಳುತ್ತೇನೆ. ಸತ್ತವರು ತಿರುಗಿ ಬರುವುದಿಲ್ಲ ಎಂಬುದು ಸಾಮಾನ್ಯವಾಗಿ ಐದರಿಂದ ಏಳು ವರ್ಷದೊಳಗೆ ಮಕ್ಕಳಿಗೆ ತಿಳಿಯತೊಡಗುತ್ತದೆ. ನಿಮ್ಮ ಮಗನಿಗೆ ಅದು ಚೆನ್ನಾಗಿ ಗೊತ್ತಿರುವ ವಯಸ್ಸು. ಅವನನ್ನು ಕಾಡುವುದು ಭಯಾನಕ ಮುಖಗಳಿಗಿಂತ ಹೆಚ್ಚಾಗಿ, ಅಪ್ಪ ಅಮ್ಮ ಮಕ್ಕಳು ಎಲ್ಲರೂ ಒಂದೇ ಕಥೆಯಲ್ಲಿ ಸತ್ತುಹೋಗುವುದು ಎಂದು ನನಗೆ ಅನಿಸುತ್ತದೆ. ಇತ್ತೀಚೆಗೆ ತಾತನನ್ನು ಕಳೆದುಕೊಂಡ ಮಗು ಮುಂದೆ ಯಾರ ಸರದಿ ಎಂದು ಯೋಚಿಸುತ್ತದೆ. ಮಗಳ ವಿಷಯದಲ್ಲಿ ಮೊದಲು ಉತ್ತರಿಸಿದವರಿಗಿಂತ ನನ್ನ ಅಭಿಪ್ರಾಯ ಬೇರೆ. ಹದಿನಾಲ್ಕರ ಮಕ್ಕಳು ಇಂಥ ವಿಷಯಗಳನ್ನು ಹೇಗಿದ್ದರೂ ಫೋನಿನಲ್ಲಿ ನೋಡುತ್ತಾರೆ. ನಿಮ್ಮ ಪಕ್ಕದಲ್ಲಿ ಕುಳಿತು ನೋಡಿ, ಮರುದಿನ ಅದರ ಬಗ್ಗೆ ಮಾತಾಡುವುದು ಒಳ್ಳೆಯದು. ಆದರೆ ಸತ್ತರೆ ಪ್ರೀತಿಪಾತ್ರರನ್ನು ಸೇರಬಹುದು ಎಂಬ ಅರ್ಥ ಅವಳ ಮನಸ್ಸಿನಲ್ಲಿ ಉಳಿಯದಂತೆ ನೇರವಾಗಿ ಕೇಳಿ, ನೇರವಾಗಿ ಹೇಳಿ. ಆ ಪ್ರಶ್ನೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ. ಅತ್ತೆಯವರಿಗಾಗಲಿ ಇಲ್ಲಿ ಓದುತ್ತಿರುವ ಯಾರಿಗಾಗಲಿ ದುಃಖ ಹಗುರವಾಗದೆ, ಊಟ ನಿದ್ದೆ ಬಿಟ್ಟುಹೋಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತಾಡಬಹುದು.

ಹಳೇ ಪೇಟೆ (ದಾವಣಗೆರೆ) ಅವರ ಉತ್ತರ

ಎಲ್ಲರ ಮಾತೂ ಓದಿದೆ. ನನಗೆ ಅರವತ್ತೆಂಟು ವರ್ಷ, ನಾನೂ ಯಜಮಾನರನ್ನು ಕಳೆದುಕೊಂಡವಳು. ಅತ್ತೆಗೆ ಒಗ್ಗುತ್ತದೆಯೋ ಇಲ್ಲವೋ ಎಂದು ಇಷ್ಟು ಜನ ಚರ್ಚಿಸಿದಿರಿ, ಅತ್ತೆಯನ್ನೇ ಕೇಳಿದಿರಾ ತಾಯಿ? ಕಥೆಯನ್ನು ಬಾಯಲ್ಲಿ ಹೇಳಿ ನೋಡಿ.

ಸೇವಂತಿಗೆ (ದಾವಣಗೆರೆ) ಅವರ ಮರುಬರಹ

ಉತ್ತರಿಸಿದ ಎಲ್ಲರಿಗೂ ಋಣಿಯಾಗಿದ್ದೇನೆ. ಹಿರಿಯರು ಹೇಳಿದಂತೆ ಅತ್ತೆಯವರನ್ನೇ ಕೇಳಿದೆ. ಭಾನುವಾರ ಮಧ್ಯಾಹ್ನ ಇಬ್ಬರೂ ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತಾ ಕುಳಿತಿದ್ದಾಗ, ಮೈದುನ ತೋರಿಸಬೇಕೆಂದಿರುವ ಚಿತ್ರದ ಕಥೆ ಹೀಗಿದೆಯಂತೆ ಎಂದು ಮೊದಲಿನಿಂದ ಹೇಳಿದೆ. ಜಗಳೂರಿನ ತಂಗಿ ತಿಳಿಸಿದ್ದರಿಂದ ನರಕ ಎಂಬ ಪದ ಬಳಸಲಿಲ್ಲ, ಆಕೆ ದುಃಖದ ಕತ್ತಲೆಯಲ್ಲಿ ಸಿಕ್ಕಿಕೊಂಡಿದ್ದಳು ಎಂದೆ. ಅವರು ಸಿಪ್ಪೆ ಬಿಡಿಸುತ್ತಲೇ ಕೇಳಿದರು. ಮಕ್ಕಳು ಸತ್ತ ಭಾಗಕ್ಕೆ ಮಾತ್ರ ಒಮ್ಮೆ ಲೊಚಗುಟ್ಟಿದರು. ಗಂಡ ಅವಳಿರುವಲ್ಲಿಗೆ ಹೋಗಿ ಮುಟ್ಟಿದ ಎಂದಾಗ, "ಅವಳು ಗುರುತು ಹಿಡಿದಳಾ?" ಎಂದು ಕೇಳಿದರು.

ಮೊದಲು ಹಿಡಿಯುವುದಿಲ್ಲವಂತೆ, ಯಾರೋ ಹೊರಗಿನವನೆಂದು ತಿಳಿಯುತ್ತಾಳಂತೆ, ಅವನು ಹಿಂದಿರುಗದೆ ಅಲ್ಲೇ ಅವಳ ಜೊತೆ ಉಳಿಯಲು ನಿಶ್ಚಯಿಸಿದ ಮೇಲೆ ನೆನಪು ಬರುತ್ತದಂತೆ ಎಂದೆ. ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದರು. ಮಾವನವರು ಆಸ್ಪತ್ರೆಯಲ್ಲಿದ್ದ ಕೊನೆಯ ಮೂರು ದಿನ ತಮ್ಮ ಗುರುತು ಹಿಡಿಯಲಿಲ್ಲವೆಂದು ಆಮೇಲೆ ಹೇಳಿದರು. ನಾವೆಲ್ಲ ಸರದಿಯ ಮೇಲೆ ಹೋಗಿಬಂದು ಮಾಡಿದ್ದೆವು, ಆದರೂ ಈ ಮಾತು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. "ನೀವು ಯಾರು ಅಂತ ಕೇಳಿದರು. ನಾನು ಅಲ್ಲೇ ಕೂತೆ," ಎಂದರು. ಚಿತ್ರದಲ್ಲಿ ಕಷ್ಟದ ಭಾಗ ಯಾವುದೆಂದು ನಾವೆಲ್ಲ ಹುಡುಕುತ್ತಿದ್ದೆವು. ಅತ್ತೆಯವರ ಪಾಲಿಗೆ ಅದು ಇಲ್ಲಿತ್ತು.

ನೋಡುವುದು ಬೇಡವೆಂದರೆ ಬೇಡ ಅತ್ತೆ ಎಂದೆ. ನೋಡುತ್ತೇನೆ, ಆದರೆ ಮಕ್ಕಳ ಮುಂದೆ ಬೇಡ, ಅಳು ಬಂದರೆ ಅಳುವುದಕ್ಕೆ ಬಿಡಬೇಕು ಎಂದರು.

ಮೈದುನನಿಗೆ ಫೋನಿನಲ್ಲಿ ಎಲ್ಲವನ್ನೂ ತಿಳಿಸಿದೆ. ಹೆಂಡತಿಯ ಸಾವಿನ ಭಾಗ ತನಗೆ ಅಷ್ಟಾಗಿ ನೆನಪಿರಲಿಲ್ಲ, ಮರದ ದೃಶ್ಯ ಮಾತ್ರ ಮನಸ್ಸಿನಲ್ಲಿ ಉಳಿದಿತ್ತು ಎಂದು ನೊಂದುಕೊಂಡ. ಮಗನನ್ನು ಅಂದು ಸಂಜೆ ಹರಿಹರದ ನನ್ನ ತವರಿಗೆ ಕಳಿಸುತ್ತೇವೆ. ಮಗಳಿಗೆ ವಿಷಯ ಏನೆಂದು ಮುಂಚೆಯೇ ಹೇಳಿದ್ದೇನೆ. ಅಜ್ಜಿ ನೋಡಿ ಮುಗಿಸಿದ ಮೇಲೆ ಬೇರೊಂದು ದಿನ ನಾನೂ ಅವಳೂ ಇಬ್ಬರೇ ನೋಡುತ್ತೇವೆ. ಕನ್ನಡಕ್ಕೆ ಹೇಳುವವಳು ನಾನೇ. ಅದಕ್ಕಾಗಿ ಬರುವ ಗುರುವಾರ ಮಕ್ಕಳು ಶಾಲೆಗೆ ಹೋದ ಮೇಲೆ ಮೊದಲು ಒಬ್ಬಳೇ ನೋಡಿ, ಗುರುತು ಹಿಡಿಯುವ ಆ ದೃಶ್ಯದ ಮಾತುಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಜಗಳೂರಿನ ತಂಗಿಗೆ ತೊಂದರೆಯಿಲ್ಲದಿದ್ದರೆ ಅದನ್ನು ಒಮ್ಮೆ ಓದಿ ತಿದ್ದಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.